ಸಹಿ ಮಾಡಿಸ್ಕೊಳ್ಳೋವಾಗ ಅಡ್ಡ ಬರದ ಭಾಷೆ: ಬಾರ್ ಕೌನ್ಸಿಲ್‌ಗೆ ಒಂದು ಬಹಿರಂಗ ಪತ್ರ

ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲ್‌ನ ಅಧ್ಯಕ್ಷರಿಗೆ, ಸದಸ್ಯರಿಗೆ, ಹಾಗೇ ಈ ಊರಿನ ಕೋರ್ಟುಗಳಲ್ಲಿ ಕರಿ ಕೋಟು ಹಾಕ್ಕೊಂಡು ನಿಲ್ಲೋ ನಮ್ಮ ಕನ್ನಡದ ವಕೀಲರಿಗೆ ನಮಸ್ಕಾರ.

ನಾನು ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಲಿ 29 ವರ್ಷ ಗಣಿತ ಹೇಳ್ಕೊಟ್ಟು ರಿಟೈರ್ ಆದೋಳು. ನನ್ನ ಕ್ಲಾಸಲ್ಲಿ ಕೂತ ಮಕ್ಕಳಲ್ಲಿ ಹೆಚ್ಚಿನೋರು ಯಾದಗಿರಿ, ಕಲಬುರ್ಗಿ, ವಿಜಯಪುರದ ಕಡೆಯೋರು, ಅಪ್ಪ ಬೆಳಿಗ್ಗೆ ಏಳಕ್ಕೆ ನಾಕಾದಲ್ಲಿ ನಿಂತು ಯಾರಾದ್ರೂ ಕೂಲಿಗೆ ಕರೀತಾರಾ ಅಂತ ಕಾಯೋನು, ಅಮ್ಮ ನಾಲ್ಕು ಮನೇಲಿ ಪಾತ್ರೆ ತಿಕ್ಕೋಳು. ಆ ಮನೆಗಳಿಗೆ ಏನಾದ್ರೂ ಸರ್ಕಾರಿ ಕಾಗದ ಬಂದ್ರೆ ಅದು ಮೊದಲು ಬರೋದು ನನ್ನ ಟೇಬಲ್‌ಗೆ. ರೇಷನ್ ಕಾರ್ಡು, ಲೈಟ್ ಬಿಲ್ಲು, ಜೋಪಡಿ ಸರ್ವೆ ನೋಟಿಸು, ಇದನ್ನೆಲ್ಲ ಓದಿ ಹೇಳಿ ಹೇಳಿ ನಂಗೆ ಅಭ್ಯಾಸ ಆಗಿತ್ತು. ರಿಟೈರ್ ಆದ ಮೇಲೂ ಬರ್ತಾರೆ.

ಈ ವರ್ಷ ಸಂಕ್ರಾಂತಿ ಕಳೆದು ಎರಡು ದಿನಕ್ಕೆ ನನ್ನ ಹಳೇ ವಿದ್ಯಾರ್ಥಿಯೊಬ್ಬ ಅವನ ತಾಯಿನ ಕರ್ಕೊಂಡು ಬಂದ. ಕೈಯಲ್ಲಿ ಕಾಗದ ಇರ್ಲಿಲ್ಲ, ಬ್ಯಾಂಕ್ ಪಾಸ್‌ಬುಕ್ ಮಾತ್ರ ಇತ್ತು. ಇದನ್ನ ಓದಿ ಅಕ್ಕೋರ ಅಂದಳು.

2019ರ ಮಳೆಗಾಲದಲ್ಲಿ ಅವಳ ಗಂಡ ರಾತ್ರಿ ಪಾಳಿ ಮುಗಿಸಿ ಹೈವೇ ದಾಟೋವಾಗ ಟ್ಯಾಂಕರ್ ಹೊಡೆದು ತೀರ್ಕೊಂಡ, 34 ವರ್ಷ ಅವನಿಗೆ. ಆಸ್ಪತ್ರೆಯಲ್ಲಿ ಪೋಸ್ಟ್‌ಮಾರ್ಟಂ ಆಗೋದಕ್ಕೆ ಕಾಯ್ತಾ ಇವಳು ಅತ್ತೆ ಜೊತೆ ಕಾರಿಡಾರಲ್ಲಿ ಕೂತಿದ್ದಾಗ ಒಬ್ಬ ಬಂದು ಕನ್ನಡದಲ್ಲಿ ಮಾತಾಡ್ಸಿದ್ನಂತೆ. ಯಾವೂರು, ಎಷ್ಟು ಮಕ್ಕಳು, ಊಟ ಆಯ್ತಾ ಅಂತೆಲ್ಲ ಕೇಳಿ, ಚಹಾ ತಂದುಕೊಟ್ಟು, ಊರಿಗೆ ಹೆಣ ಒಯ್ಯೋಕೆ ಗಾಡಿ ಮಾಡಿಕೊಟ್ಟು, ಹದಿನೈದು ದಿನ ಬಿಟ್ಟು ಫೋನ್ ಮಾಡಿ ವಕೀಲರ ಆಫೀಸಿಗೆ ಕರ್ಕೊಂಡು ಹೋದ. "ನಮ್ಮ ಕಡಿಯಾಂವ ಅಂದ್ರಿ ಅಕ್ಕೋರ, ನಮ್ಮ ಮಾತೇ ಮಾತಾಡ್ದ, ಈ ಊರಾಗ ನಮಗ ಮತ್ಯಾರ ಅದಾರ?" ಅಂತ ಅವಳು ಹೇಳೋವಾಗ ನಂಗೆ ಆ ಟ್ಯಾಂಕರ್ ಡ್ರೈವರ್ ಮೇಲೆ ಬಂದಿದ್ದಕ್ಕಿಂತ ಹೆಚ್ಚು ಸಿಟ್ಟು ಈ ಮನುಷ್ಯನ ಮೇಲೆ ಬಂತು.

ಅಲ್ಲಿ ವಕಾಲತ್ತಿಗೆ ಸಹಿ ಮಾಡಿದ್ಲು, ಎರಡು ಖಾಲಿ ಸ್ಟ್ಯಾಂಪ್ ಪೇಪರ್‌ಗೆ ಮಾಡಿದ್ಲು, ಮುಂದೆ ಬ್ಯಾಂಕ್ ಖಾತೆ ತೆಗೆಸಿದಾಗ ಖಾಲಿ ಚೆಕ್ಕುಗಳಿಗೂ ಮಾಡಿದ್ಲು. ಎಲ್ಲಾ ಕಡೆ ಕನ್ನಡದಲ್ಲೇ, ಅವಳಿಗೆ ಬರೋದು ಅದೊಂದೇ. ಸಹಿ ಮಾಡಿಸ್ಕೊಳ್ಳೋವಾಗ ಅವಳ ಭಾಷೆ ಯಾರಿಗೂ ತೊಂದ್ರೆ ಆಗ್ಲಿಲ್ಲ, ಕೇಸ್ ಎಲ್ಲಿಗೆ ಬಂತು ಸಾಹೇಬ್ರೇ ಅಂತ ಅವಳು ಕೇಳಿದಾಗ ಮಾತ್ರ ತುಮ್ಹಾಲಾ ಮರಾಠಿ ಯೇತ್ ನಾಹೀ ಕಾ, ನಿಮಗೆ ಮರಾಠಿ ಬರಲ್ವಾ ಅಂತ ಹೊರಗೆ ಕೂರಿಸ್ತಿದ್ರು.

ಐದು ವರ್ಷದ ಮೇಲೆ ಅಪಘಾತ ಪರಿಹಾರದ ಕೇಸ್ ನಡೆಸೋ ಟ್ರಿಬ್ಯುನಲ್‌ನ ತೀರ್ಪು ಬಂತು. ಬಡ್ಡಿ ಬಿಟ್ಟು ಸುಮಾರು 17 ಲಕ್ಷ. ಇದ್ರಲ್ಲಿ ಮಕ್ಕಳ ಪಾಲು, ಅತ್ತೆ ಪಾಲು ಎಲ್ಲಾ ಸೇರಿ ಹತ್ತು ಲಕ್ಷ ಫಿಕ್ಸೆಡ್ ಡೆಪಾಸಿಟ್‌ನಲ್ಲಿಡ್ಬೇಕು, ಉಳಿದಿದ್ದು ಅವಳ ಖಾತೆಗೆ ಹಾಕ್ಬೇಕು ಅಂತ ಆದೇಶ. ಹೀಗೆ ಡೆಪಾಸಿಟ್‌ನಲ್ಲಿಡಿಸೋ ಪದ್ಧತಿ ಸುಮ್ನೆ ಬಂದಿದ್ದಲ್ಲ, ಓದು ಬರದ ವಿಧವೆಯರ ಪರಿಹಾರದ ಹಣ ಯಾರ್ಯಾರೋ ಹೊಡ್ಕೊಂಡು ಹೋಗ್ತಾರೆ ಅಂತ ಗೊತ್ತಾಗೇ ಸುಪ್ರೀಂ ಕೋರ್ಟ್ 1993ರಲ್ಲಿ ಸೂಸಮ್ಮ ಥಾಮಸ್ ಕೇಸಲ್ಲಿ ಟ್ರಿಬ್ಯುನಲ್‌ಗಳಿಗೆ ಹೇಳಿದ್ದು. ಅಂದ್ರೆ ನ್ಯಾಯಾಧೀಶರು ತಮ್ಮ ಕೆಲಸ ಮಾಡಿದ್ರು. ಖಾತೆಗೆ ಏಳು ಲಕ್ಷ ಬಂತು. ಪಾಸ್‌ಬುಕ್ ಹೇಳೋ ಪ್ರಕಾರ ಹನ್ನೊಂದು ದಿನದಲ್ಲಿ ನಾಲ್ಕು ಬೇರರ್ ಚೆಕ್‌ಗಳಲ್ಲಿ 6,80,000 ರೂಪಾಯಿ ಹೋಯ್ತು. ಹದಿನೇಳು ಲಕ್ಷಕ್ಕೆ ನೂರಕ್ಕೆ ನಲವತ್ತು ಎಷ್ಟಾಗುತ್ತೆ ಅಂತ ನಾನು ಐದನೇ ಕ್ಲಾಸಿನ ಮಕ್ಕಳಿಗೆ ಕೇಳ್ತಿದ್ದ ಲೆಕ್ಕ ಅದು, ಸರಿಯಾಗಿ ಅಷ್ಟೇ. ಮಕ್ಕಳ ಡೆಪಾಸಿಟ್ ಮುಟ್ಟೋಕಾಗಲ್ಲ ಅಂತ ಅವರ ಪಾಲಿನ ಮೇಲಿನ ವಕೀಲರ ಪರ್ಸೆಂಟೇಜೂ ಇವಳ ಪಾಲಿಂದಾನೇ ಎತ್ಕೊಂಡಿದಾರೆ. ಅವಳಿಗೆ ಉಳಿದಿದ್ದು 20 ಸಾವಿರ.

ಆ ವಕೀಲರ ಹೆಸರು ಇಲ್ಲಿ ಬರಿಯಲ್ಲ. ಅದು ದೂರಿನಲ್ಲಿರುತ್ತೆ, ನೀವು ವಿಚಾರಣೆ ಮಾಡಿ, ಅವರ ಮಾತೂ ಕೇಳಿ, ಅದು ಅವರ ಹಕ್ಕು. ಆದ್ರೆ ಪರ್ಸೆಂಟೇಜ್ ವಿಷಯದಲ್ಲಿ ಕೇಳೋಕೆ ಏನಿದೆ ಅಂತ ನಂಗೆ ಅರ್ಥ ಆಗಲ್ಲ, ಯಾಕಂದ್ರೆ ಭಾರತೀಯ ಬಾರ್ ಕೌನ್ಸಿಲ್‌ನ ವೃತ್ತಿ ನಡವಳಿಕೆ ನಿಯಮ 20 ಸ್ಪಷ್ಟವಾಗಿದೆ, ಕೇಸಿನ ಫಲಿತಾಂಶದ ಮೇಲೆ ಫೀಸು ಗೊತ್ತುಮಾಡಬಾರ್ದು, ಬಂದ ಹಣದಲ್ಲಿ ಪಾಲು ಕೇಳಬಾರ್ದು. ನಿಯಮ ಹಳೇದು, ಯಾರೂ ಪಾಲಿಸಲ್ಲ ಅನ್ನೋರಿಗೆ 2017ರ ಡಿಸೆಂಬರ್ 5ರ ಬಿ. ಸುನೀತಾ ಕೇಸ್ ಇದೆ. ಅದೂ ಇಂಥದ್ದೇ, ತೆಲಂಗಾಣದ ಹೆಣ್ಮಗಳು, ಗಂಡ ರಸ್ತೆ ಅಪಘಾತದಲ್ಲಿ ಸತ್ತಿದ್ದ, ಪರಿಹಾರದಲ್ಲಿ ಹತ್ತು ಲಕ್ಷ ಫೀಸು ಕೊಟ್ಟ ಮೇಲೂ ಇನ್ನೂ ಮೂರು ಲಕ್ಷಕ್ಕೆ ಚೆಕ್ ಬರೆಸ್ಕೊಂಡು, ಅದು ಪಾಸ್ ಆಗದೆ ಇದ್ದಾಗ ವಕೀಲರು ಅವಳ ಮೇಲೇ ಚೆಕ್ ಬೌನ್ಸ್ ಕೇಸ್ ಹಾಕಿದ್ರು. ಸುಪ್ರೀಂ ಕೋರ್ಟ್ ಆ ಕೇಸನ್ನೇ ರದ್ದು ಮಾಡಿ, ಪರ್ಸೆಂಟೇಜ್ ಫೀಸು ಕಾನೂನುಬಾಹಿರ ಅಂತ ಹೇಳಿತು. ಇದಾಗಿ ಇಷ್ಟು ವರ್ಷ ಆಯ್ತು, ಟ್ರಿಬ್ಯುನಲ್ ಹೊರಗೆ ಚಹಾ ಅಂಗಡಿಯೋನನ್ನ ಕೇಳಿದ್ರೂ ಇವತ್ತಿನ ರೇಟ್ ಎಷ್ಟು ಅಂತ ಹೇಳ್ತಾನೆ.

ಒಬ್ಬ ವಕೀಲ ಮಿತ್ರರು ನಂಗೆ ಹೇಳಿದ್ರು, ಟೀಚರ್, ಪರ್ಸೆಂಟೇಜ್ ಇಲ್ಲ ಅಂದ್ರೆ ಈ ಬಡವರ ಕೇಸ್ ಯಾರು ತಗೋತಾರೆ, ಅವರ ಹತ್ರ ಫೀಸಿಗೆ ದುಡ್ಡಿರಲ್ಲ, ಐದು ವರ್ಷ ನಾವು ಕೈಯಿಂದ ಖರ್ಚು ಮಾಡ್ತೀವಿ, ಸೋತರೆ ಅದೂ ಹೋಯ್ತು. ಈ ಮಾತನ್ನ ನಾನು ತಳ್ಳಿ ಹಾಕಲ್ಲ. ಅವರೂ ಬಾಡಿಗೆ ಕಟ್ಬೇಕು, ಲೋಕಲ್ ಟ್ರೇನಲ್ಲಿ ಜೋತು ಬಿದ್ದು ಕೋರ್ಟಿಗೆ ಬರ್ಬೇಕು, ಜೂನಿಯರ್‌ಗಳಿಗೆ ಸೀನಿಯರ್‌ಗಳು ಏನು ಕೊಡ್ತಾರೆ ಅಂತ ನಂಗೂ ಗೊತ್ತು, ನನ್ನ ವಿದ್ಯಾರ್ಥಿಗಳು ಇಬ್ಬರು ವಕೀಲರಾಗಿದಾರೆ. ಆದ್ರೆ ಆ ಪ್ರಶ್ನೆಗೆ ಕಾನೂನು ಯಾವತ್ತೋ ಉತ್ತರ ಕೊಟ್ಟಾಗಿದೆ. ಬಡವರಿಗೆ ಪುಕ್ಕಟೆ ಕಾನೂನು ನೆರವು ಸಿಗ್ಬೇಕು ಅನ್ನೋ ಸಂವಿಧಾನದ 39ಎ ವಿಧಿ ಇದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ, ಅದರ 12ನೇ ಸೆಕ್ಷನ್ ಪ್ರಕಾರ ಹೆಂಗಸು ಅನ್ನೋ ಒಂದೇ ಕಾರಣಕ್ಕೆ, ಆದಾಯ ಎಷ್ಟೇ ಇರ್ಲಿ, ಇವಳಿಗೆ ಸರ್ಕಾರದ ಖರ್ಚಲ್ಲಿ ವಕೀಲ ಸಿಗ್ಬೇಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಒಂದು ಫೋನ್ ಮಾಡಿದ್ರೆ ಶುರು ಮಾಡ್ಬೋದಿತ್ತು. ಐದು ವರ್ಷ ಅವಳಿಗೆ ಇದು ಗೊತ್ತೇ ಇರ್ಲಿಲ್ಲ. ಅವಳ ವಕೀಲರಿಗೆ ಗೊತ್ತಿತ್ತು.

ಇನ್ನೊಂದು ಅವಳಿಗೆ ಗೊತ್ತಿಲ್ದೇ ಇದ್ದಿದ್ದು, ನಂಗೂ ಈಗ್ಲೇ ಗೊತ್ತಾಗಿದ್ದು. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅಪಘಾತ ಆದ ಊರಲ್ಲೇ ಕೇಸ್ ಹಾಕ್ಬೇಕು ಅಂತಿಲ್ಲ, ಪರಿಹಾರ ಕೇಳೋರು ಇರೋ ಊರಲ್ಲೂ ಹಾಕ್ಬೋದು. ಗಂಡ ಸತ್ತ ಮೇಲೆ ಅವಳು ಯಾದಗಿರಿ ಜಿಲ್ಲೆಯ ಅತ್ತೆ ಮನೆಲೇ ಇದ್ದಳು. ಅಲ್ಲೇ ಕೇಸ್ ಹಾಕಿದ್ರೆ ಕಟಕಟೆಲಿ ನಿಂತು ಕನ್ನಡದಲ್ಲಿ ಸಾಕ್ಷಿ ಹೇಳ್ತಿದ್ದಳು, ಜಡ್ಜ್ ಸಾಹೇಬ್ರು ಏನಂದ್ರು ಅಂತ ಇನ್ನೊಬ್ಬರನ್ನ ಕೇಳೋ ಗತಿ ಇರ್ತಿರ್ಲಿಲ್ಲ. ಅದರ ಬದ್ಲು ಪ್ರತಿ ತಾರೀಖಿಗೂ ರಾತ್ರಿ ರೈಲಲ್ಲಿ ಜನರಲ್ ಬೋಗಿ ಹತ್ತಿ ಮುಂಬೈಗೆ ಬಂದಳು, ಬಹಳ ಸಲ ಬಂದ ಮೇಲೆ ಗೊತ್ತಾಗೋದು ಇವತ್ತು ಕೇಸ್ ಮುಂದೆ ಹೋಗಿದೆ ಅಂತ.

ಈಗ ನನ್ನ ವಿಷಯಕ್ಕೆ, ಗಣಿತಕ್ಕೆ ಬರ್ತೀನಿ, ಇದನ್ನ ದಯವಿಟ್ಟು ನಿಧಾನಕ್ಕೆ ಓದಿ. ನಾಕಾದಲ್ಲಿ ನಿಲ್ಲೋನಿಗೆ ಸಂಬಳದ ಚೀಟಿ ಇರಲ್ಲ. ಟ್ರಿಬ್ಯುನಲ್ ಒಂದು ಅಂದಾಜು ಆದಾಯ ಹಿಡಿಯುತ್ತೆ, ಇಲ್ಲಿ ತಿಂಗಳಿಗೆ 8 ಸಾವಿರ ಹಿಡೀತು. ಅವನನ್ನ ಆರು ವರ್ಷ ಕೆಲಸಕ್ಕೆ ಕರ್ಕೊಂಡು ಹೋಗ್ತಿದ್ದ ಮುಕಾದಮ ಇವತ್ತಿಗೂ ಬದುಕಿದಾನೆ, ನಾನೇ ಹೋಗಿ ಮಾತಾಡಿದೀನಿ, ಕಡಿಮೆ ಅಂದ್ರೂ 12 ಸಾವಿರ ಆಗ್ತಿತ್ತು, ನನ್ನನ್ನ ಯಾರೂ ಸಾಕ್ಷಿಗೆ ಕರೀಲಿಲ್ಲ ಬಾಯಿ, ಕರೆದಿದ್ರೆ ಬಂದು ಹೇಳ್ತಿದ್ದೆ ಅಂದ. ತಿಂಗಳಿಗೆ ಒಂದು ಸಾವಿರ ಕಡಿಮೆ ಹಿಡಿದ್ರೆ ಏನಾಗುತ್ತೆ ನೋಡಿ. ವರ್ಷಕ್ಕೆ 12 ಸಾವಿರ. 40 ವರ್ಷದೊಳಗಿನ ದುಡಿಯೋನಿಗೆ ಮುಂದೆ ಆದಾಯ ಹೆಚ್ಚುತ್ತೆ ಅಂತ 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ ನೂರಕ್ಕೆ 40 ಸೇರಿಸ್ಬೇಕು, 16,800 ಆಯ್ತು. ಅವಲಂಬಿತರು ನಾಲ್ಕು ಜನ, ಹಾಗಾಗಿ ಅವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೀಬೇಕು, 12,600. ವಯಸ್ಸು 34, ಹಾಗಾಗಿ 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದ ಪ್ರಕಾರ 16ರಿಂದ ಗುಣಿಸ್ಬೇಕು. 2,01,600 ರೂಪಾಯಿ. ತಿಂಗಳ ಲೆಕ್ಕದಲ್ಲಿ ಒಂದು ಸಾವಿರದ ವ್ಯತ್ಯಾಸ, ಕೊನೇಲಿ ಎರಡು ಲಕ್ಷ. ಇಲ್ಲಿ ನಾಲ್ಕು ಸಾವಿರದ ವ್ಯತ್ಯಾಸ ಇದೆ, ಎಂಟು ಲಕ್ಷ ಮೀರಿತು. ವಕೀಲರು ನಿಜವಾಗ್ಲೂ ವಕೀಲಿಕೆ ಮಾಡ್ಬೇಕಾಗಿದ್ದ ಜಾಗ ಇದೊಂದೇ, ಒಬ್ಬ ಮುಕಾದಮನನ್ನ ಕರೆದು ಕಟಕಟೆಲಿ ನಿಲ್ಲಿಸೋದು. ಅದನ್ನ ಮಾಡ್ದೆ ನೂರಕ್ಕೆ ನಲವತ್ತು ತಗೊಂಡ್ರು.

ಇದರ ಮೇಲೆ ಹೈಕೋರ್ಟಿಗೆ ಹೋಗ್ಬೋದಿತ್ತು, 90 ದಿನ ಇತ್ತು. ಮಗ ಫೈಲ್ ಕೇಳೋಕೆ ಹೋದ. ಬಾಕಿ ಖರ್ಚು ಕೊಟ್ಟು ಫೈಲ್ ತಗೊಂಡು ಹೋಗು ಅಂದ್ರು. ಫೀಸು ಬಾಕಿ ಅಂತ ಕಕ್ಷಿದಾರನ ಕಾಗದಪತ್ರ ಒತ್ತೆ ಇಟ್ಕೊಳ್ಳೋಕೆ ವಕೀಲರಿಗೆ ಹಕ್ಕಿಲ್ಲ ಅಂತ 2000ದಲ್ಲೇ ಆರ್.ಡಿ. ಸಕ್ಸೇನಾ ಕೇಸಲ್ಲಿ ತೀರ್ಪಾಗಿದೆ, ಹಾಗೆ ಇಟ್ಕೊಳ್ಳೋದು ವೃತ್ತಿ ದುರ್ನಡತೆ. ಆ ಹುಡುಗನಿಗೆ 19 ವರ್ಷ, ಅವನಿಗೇನು ಗೊತ್ತು, ವಾಪಸ್ ಬಂದ. 90 ದಿನ ಕಳೀತು. ತಡವನ್ನ ಮನ್ನಿಸಿ ಅಂತ ಕೇಳ್ಕೊಂಡು ಈಗ ಹೋಗ್ಬೇಕು, ಅದಕ್ಕೂ ಫೈಲ್ ಬೇಕು.

ಮಾನ್ಯರೇ, ಕಾನೂನಿನ ಮೇಲೆ ನಮ್ಮ ಜನಕ್ಕೆ ನಂಬಿಕೆ ಇಲ್ಲ ಅಂತ ಸುಲಭಕ್ಕೆ ಹೇಳ್ತಾರೆ, ಅದು ಸುಳ್ಳು. ನಾನು ಕೆಲಸಕ್ಕೆ ಸೇರಿದಾಗ ನನ್ನ ಮಕ್ಕಳ ಅಪ್ಪ ಅಮ್ಮಂದಿರು ಫುಟ್‌ಪಾತ್ ಮೇಲೆ, ನಾಲೆ ದಂಡೆ ಮೇಲೆ ಇದ್ದೋರು, 1981ರ ಮಳೆಗಾಲದಲ್ಲಿ ಸರ್ಕಾರ ಅವರನ್ನ ಬಸ್ಸಿಗೆ ತುಂಬಿ ಊರಿಗೆ ಕಳಿಸೋಕೆ ಹೊರಟಿದ್ದನ್ನ ನೋಡಿದೋರು. ಅದರ ವಿರುದ್ಧ ಹಾಕಿದ ಕೇಸಿನ ಓಲ್ಗಾ ಟೆಲಿಸ್ ಅನ್ನೋ ಹೆಸರು ಸರಿಯಾಗಿ ಹೇಳೋಕೆ ಬರ್ತಿರ್ಲಿಲ್ಲ ಅವರಿಗೆ, ಆದ್ರೆ ಹೊಟ್ಟೆಪಾಡೂ ಬದುಕೋ ಹಕ್ಕಿನ ಒಳಗೇ ಬರುತ್ತೆ ಅಂತ ದಿಲ್ಲಿಯ ಸುಪ್ರೀಂ ಕೋರ್ಟು 1985ರಲ್ಲಿ ಹೇಳಿದ್ದು ಗೊತ್ತಿತ್ತು. ಅದೇ ತೀರ್ಪು ಮಳೆಗಾಲ ಮುಗಿದ ಮೇಲೆ ಎಬ್ಬಿಸಬಹುದು ಅಂತಾನೂ ಹೇಳಿತ್ತು, ಅದೂ ಗೊತ್ತಿತ್ತು. ಆದ್ರೂ ಕೋರ್ಟ್ ಅಂದ್ರೆ ಅವರಿಗೆ ನಮ್ಮ ಮಾತು ಕೇಳಿಸ್ಕೊಂಡ ಒಂದು ಜಾಗ. ಈ ನಂಬಿಕೆ ಇರೋದ್ರಿಂದಾನೇ ಆ ಹೆಣ್ಮಗಳು ಐದು ವರ್ಷ ರೈಲು ಹತ್ತಿದ್ದು.

ದಲ್ಲಾಳಿಗಳ ಕಾಟ ಈ ಊರಿಗೆ ಹೊಸದಲ್ಲ, ಅದನ್ನ ಎದುರಿಸಿದೋರೂ ಇದೇ ಊರಲ್ಲಿದ್ರು. 1891ರಲ್ಲಿ ಬ್ಯಾರಿಸ್ಟರ್ ಆಗಿ ಬಂದ ಗಾಂಧೀಜಿಗೆ ಇಲ್ಲಿ ಕೇಸೇ ಸಿಗ್ತಿರ್ಲಿಲ್ಲ, ದಲ್ಲಾಳಿಗೆ ಕಮಿಷನ್ ಕೊಡು ಅಂತ ಎಲ್ಲರೂ ಹೇಳಿದ್ರು, ಕೊಡಲಿಲ್ಲ. ಸ್ಮಾಲ್ ಕಾಸಸ್ ಕೋರ್ಟಲ್ಲಿ ಸಿಕ್ಕ ಮೊದಲ ಕೇಸಲ್ಲಿ ಪಾಟಿ ಸವಾಲಿಗೆ ಎದ್ದು ನಿಂತು ಬಾಯೇ ಬರ್ದೆ ಕೂತರು, ಆದ್ರೆ ತಗೊಂಡಿದ್ದ 30 ರೂಪಾಯಿ ಫೀಸು ವಾಪಸ್ ಕೊಟ್ಟರು. ಮಾಡದ ಕೆಲಸದ ದುಡ್ಡು ನನ್ನದಲ್ಲ ಅನ್ನೋದು ಅಷ್ಟು ಸರಳ ಇದೆ. ಅದಾದ ಎಷ್ಟೋ ವರ್ಷಕ್ಕೆ ಇಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟ್ ಬಾಗಿಲಲ್ಲಿ ವಕೀಲರೇ ಪಾರ್ಟಿಗಳ ಮೇಲೆ ಮುಗಿಬಿದ್ದು ಕಾಗದ ಕಿತ್ಕೊಂಡು ಜಗಳ ಆಡ್ತಿದ್ದಾಗ ನಿಮ್ಮದೇ ಕೌನ್ಸಿಲ್ ಅವರ ಮೇಲೆ ಕ್ರಮ ತಗೊಂಡಿತ್ತು. ದಿಲ್ಲಿಯ ಭಾರತೀಯ ಬಾರ್ ಕೌನ್ಸಿಲ್‌ನ ಶಿಸ್ತು ಸಮಿತಿ ಅವರನ್ನ ಬಿಟ್ಟುಬಿಟ್ಟಾಗ ಸುಮ್ನೆ ಕೂರದೆ ಸುಪ್ರೀಂ ಕೋರ್ಟಿಗೆ ಹೋಯ್ತು, ವೃತ್ತಿಯ ಮರ್ಯಾದೆ ಕಾಯೋಕೆ ರಾಜ್ಯ ಕೌನ್ಸಿಲ್‌ಗೆ ಅಪೀಲು ಹೋಗೋ ಹಕ್ಕಿದೆ ಅಂತ 1975ರಲ್ಲಿ ದಾಭೋಳಕರ್ ಕೇಸಲ್ಲಿ ಗೆದ್ದಿತು. ನಾನು ಇವತ್ತು ನಿಮಗೆ ಪತ್ರ ಬರೀತಿರೋ ಧೈರ್ಯ ಅಲ್ಲಿಂದ ಬಂದಿದ್ದು. ಈಗಂತೂ ವಕೀಲರ ಕಾಯ್ದೆಗೆ 45ಎ ಸೆಕ್ಷನ್ ಸೇರಿದೆ, ದಲ್ಲಾಳಿಗಳ ಪಟ್ಟಿ ಮಾಡಿ ಕೋರ್ಟ್ ಆವರಣದಿಂದ ಹೊರಗಿಡ್ಬೋದು, ಮೂರು ತಿಂಗಳವರೆಗೆ ಜೈಲೂ ಇದೆ. ಆದ್ರೆ ಆಸ್ಪತ್ರೆ ಕಾರಿಡಾರಲ್ಲಿ ಚಹಾ ತಂದುಕೊಡೋನು ಕೋರ್ಟ್ ಆವರಣಕ್ಕೆ ಬರೋದೇ ಇಲ್ವಲ್ಲ. ಅವನನ್ನ ಹಿಡಿಯೋಕೆ ಇರೋ ದಾರಿ ಅವನಿಂದ ಕೇಸ್ ತಗೊಂಡ ವಕೀಲರನ್ನ ಕೇಳೋದು, ಮತ್ತು ಅದು ನಿಮ್ಮ ಕೈಲಿರೋದು.

ನಿಮ್ಮ ಕೈಲಿ ಮಾತ್ರ. 2024ರ ಮೇ 14ಕ್ಕೆ ಸುಪ್ರೀಂ ಕೋರ್ಟ್ ವಕೀಲರ ಸೇವೆ ಗ್ರಾಹಕ ಕಾಯ್ದೆ ಕೆಳಗೆ ಬರಲ್ಲ ಅಂತ ಹೇಳ್ತು. ವಕೀಲಿಕೆ ವ್ಯಾಪಾರ ಅಲ್ಲ ಅನ್ನೋ ಮಾತನ್ನ ನಾನು ಒಪ್ತೀನಿ, ಮನಸಾರೆ ಒಪ್ತೀನಿ. ಆದ್ರೆ ವ್ಯಾಪಾರ ಅಲ್ಲ ಅಂದ್ಮೇಲೆ ಅವಳಿಗೆ ಗ್ರಾಹಕರ ಕೋರ್ಟಿನ ಬಾಗಿಲು ಇಲ್ಲ, ಉಳಿದಿದ್ದು ವಕೀಲರ ಕಾಯ್ದೆಯ 35ನೇ ಸೆಕ್ಷನ್, ನಿಮ್ಮ ಶಿಸ್ತು ಸಮಿತಿ. ದೂರನ್ನ ಒಂದು ವರ್ಷದೊಳಗೆ ಮುಗಿಸ್ಬೇಕು, ಇಲ್ದಿದ್ರೆ ಅದು ದಿಲ್ಲಿಗೆ ಹೋಗುತ್ತೆ ಅಂತ 36ಬಿ ಹೇಳುತ್ತೆ. ದಯವಿಟ್ಟು ದಿಲ್ಲಿಗೆ ಹೋಗೋ ಹಾಗೆ ಮಾಡ್ಬೇಡಿ, ಅವಳಿಗೆ ಮುಂಬೈಗೆ ಬರೋದೇ ಕಷ್ಟ.

ಮತ್ತೆ ಆ ದೂರು ಯಾವ ಭಾಷೆಲಿರ್ಬೇಕು? ನಿಯಮ ಹೇಳೋ ಪ್ರಕಾರ ಇಂಗ್ಲಿಷು, ಹಿಂದಿ, ಇಲ್ಲಾಂದ್ರೆ ರಾಜ್ಯಭಾಷೆ ಅಂತ ಘೋಷಣೆ ಆಗಿರೋ ಭಾಷೆ. ಕರ್ನಾಟಕದಲ್ಲಿದ್ರೆ ಅವಳು ಕನ್ನಡದಲ್ಲಿ ಕೊಡ್ಬೋದಿತ್ತು. ಇಲ್ಲಿ ನನ್ನಂಥ ಯಾರೋ ಒಬ್ಬರು ಬರೆದುಕೊಟ್ಟ ಇಂಗ್ಲಿಷ್ ಕಾಗದಕ್ಕೆ ಅವಳು ಮತ್ತೆ ಓದೋಕಾಗದೇನೇ ಸಹಿ ಹಾಕ್ಬೇಕು, ಅಂದ್ರೆ ಯಾವ ಅನ್ಯಾಯದ ಬಗ್ಗೆ ದೂರು ಕೊಡ್ತಿದಾಳೋ ಅದನ್ನೇ ದೂರಿನಲ್ಲೂ ಮಾಡಿಸ್ದಂಗಾಯ್ತು. ಇದು ನಂಗೆ ತುಂಬಾ ಚುಚ್ಚಿತು. ಮುಂಬೈ, ಪುಣೆ, ಗೋವಾದಲ್ಲಿ ಲಕ್ಷಾಂತರ ಕನ್ನಡದೋರು ಇದೀವಿ, ತೆಲುಗಿನೋರು, ತಮಿಳಿನೋರು, ಬಂಗಾಳಿಗಳು ಇದಾರೆ. ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಲಿ ದೂರು ಬಂದ್ರೂ ಮೂಲ ಪ್ರತಿ ತಗೊಂಡು ಅನುವಾದ ಕೌನ್ಸಿಲ್ಲೇ ಮಾಡಿಸೋ ಹಾಗೆ ಮಾಡಿ, ನಿಯಮ ಬದಲಾಗ್ಬೇಕು ಅಂದ್ರೆ ದಿಲ್ಲಿಗೆ ನೀವೇ ಬರೀರಿ. ಅನುವಾದಕ್ಕೆ ಜನ ಬೇಕಾದ್ರೆ ಕನ್ನಡಕ್ಕೆ ನಾನು ಬರ್ತೀನಿ, ದುಡ್ಡು ಬೇಡ, ನನ್ನಂಥ ರಿಟೈರ್ ಆದ ಟೀಚರ್‌ಗಳು ಇನ್ನೂ ಇದಾರೆ.

ವಕಾಲತ್ತಿನ ಜೊತೆ ಇನ್ನೊಂದು ಕಾಗದ ಕಡ್ಡಾಯ ಮಾಡೋಕಾಗುತ್ತಾ ನೋಡಿ. ಫೀಸು ಎಷ್ಟು, ಇವತ್ತು ಎಷ್ಟು ಕೊಟ್ಟರು, ಖಾಲಿ ಕಾಗದಕ್ಕೆ ಸಹಿ ತಗೊಂಡಿಲ್ಲ, ಪುಕ್ಕಟೆ ವಕೀಲ ಸಿಗೋ ಹಕ್ಕು ನಿನಗಿದೆ ಅಂತ ನಿನ್ನ ಭಾಷೆಲಿ ಹೇಳಿದೀನಿ, ಇಷ್ಟೇ. ಕಕ್ಷಿದಾರರ ದುಡ್ಡಿನ ಲೆಕ್ಕ ಇಡ್ಬೇಕು, ಕೇಳಿದಾಗ ಪ್ರತಿ ಕೊಡ್ಬೇಕು ಅಂತ ನಿಯಮಗಳಲ್ಲಿ ಇದ್ದೇ ಇದೆ, ಅದನ್ನ ಅವರ ಕೈಗೆ ಸಿಗೋ ಹಾಗೆ ಮಾಡಿ ಅಂತ ಕೇಳ್ತಿದೀನಿ. ಇದು ದೊಡ್ಡ ಬೇಡಿಕೆ ಅಂತ ಅನ್ಸಿದ್ರೆ ಒಂದು ಮಾತು ನೆನಪು ಮಾಡ್ತೀನಿ. ಈ ಊರಿಗೆ ಬಂದು ಅಷ್ಟು ಜನರನ್ನ ಕೊಂದ ಕಸಬ್‌ಗೂ ವಕೀಲರನ್ನ ಕೊಟ್ಟ ದೇಶ ಇದು, ಕೊಟ್ಟಿದ್ದು ಸರಿ, ಆವತ್ತು ಎಷ್ಟೋ ಜನ ಬೈದ್ರೂ ನಾನು ನನ್ನ ಕ್ಲಾಸಲ್ಲಿ ಸರಿ ಅಂತಾನೇ ಹೇಳಿದ್ದೆ. ಅದೇ ಕೇಸಲ್ಲಿ 2012ರ ಆಗಸ್ಟ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಕೆಲಸ ಮಾಡ್ತು, ಮೊದಲ ಸಲ ಮುಂದೆ ಬಂದ ಆರೋಪಿಗೆ ನಿನಗೆ ವಕೀಲ ಸಿಗೋ ಹಕ್ಕಿದೆ, ದುಡ್ಡಿಲ್ದಿದ್ರೆ ಸರ್ಕಾರ ಕೊಡುತ್ತೆ ಅಂತ ಹೇಳೋದು ಮ್ಯಾಜಿಸ್ಟ್ರೇಟರ ಕರ್ತವ್ಯ ಅಂತ. ಆರೋಪಿಗೆ ಹೇಳೋಕೆ ಒಬ್ಬರಿದಾರೆ. ಪೋಸ್ಟ್‌ಮಾರ್ಟಂ ಕೋಣೆ ಹೊರಗೆ ಕೂತ ಹೆಂಗಸಿಗೆ ಹೇಳೋಕೆ ಯಾರನ್ನ ಇಟ್ಟಿದೀವಿ? ಅಲ್ಲಿ ಗೋಡೆ ಮೇಲೆ ಕನ್ನಡದಲ್ಲಿ, ತೆಲುಗಲ್ಲಿ, ಹಿಂದಿಲಿ ಮೂರು ಸಾಲಿನ ಒಂದು ಬೋರ್ಡ್ ಇದ್ದಿದ್ರೆ ಆ ಚಹಾ ತಂದೋನಿಗಿಂತ ಮೊದಲು ಕಾನೂನು ಅವಳನ್ನ ಮಾತಾಡ್ಸಿರ್ತಿತ್ತು.

ಕನ್ನಡದ ವಕೀಲರೇ, ನಿಮ್ಮನ್ನ ಬೇರೆಯಾಗಿ ಕೇಳ್ತೀನಿ. ನಿಮ್ಮಲ್ಲಿ ಎಷ್ಟೋ ಜನ ಒಳ್ಳೆಯವರು, ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಾಗ ಕಾಲಿಗೆ ನಮಸ್ಕಾರ ಮಾಡ್ತೀರಿ. ತಿಂಗಳಲ್ಲಿ ಒಂದು ಭಾನುವಾರ, ಎರಡು ಗಂಟೆ, ನಾಕಾ ಹತ್ರ ಇಲ್ಲ ನಮ್ಮ ಶಾಲೆ ಅಂಗಳದಲ್ಲಿ ಬಂದು ಕೂತ್ಕೊಳ್ಳಿ. ಕೇಸ್ ತಗೋಬೇಕು ಅಂತಿಲ್ಲ. ಈ ಕಾಗದದಲ್ಲಿ ಏನಿದೆ, ಎಲ್ಲಿ ಸಹಿ ಹಾಕ್ಬಾರ್ದು, ಅಷ್ಟು ಹೇಳಿ. ನಮ್ಮ ಭಾಷೆ ಮಾತಾಡಿ ನಂಬಿಕೆ ಸಂಪಾದಿಸೋದು ದಲ್ಲಾಳಿಗೆ ಮಾತ್ರ ಗೊತ್ತಿರೋ ವಿದ್ಯೆ ಆಗ್ಬಾರ್ದು.

ಮಾನ್ಯ ಅಧ್ಯಕ್ಷರೇ, ಬರೋ ಸೋಮವಾರ ಅವಳು, ಅವಳ ಮಗ, ನಾನು ಮೂರೂ ಜನ ನಿಮ್ಮ ಆಫೀಸಿಗೆ ಬರ್ತೀವಿ. ದೂರು ಇಂಗ್ಲಿಷಲ್ಲಿದೆ, ಜೊತೆಗೆ ಕನ್ನಡ ಪ್ರತಿ ಇದೆ, ಕನ್ನಡ ಪ್ರತಿನ ಅವಳಿಗೆ ಎರಡು ಸಲ ಓದಿ ಹೇಳಿದೀನಿ, ಎರಡು ಕಡೆ ನಾನು ಬರ್ದಿದ್ದು ತಪ್ಪು ಅಂತ ಅವಳೇ ತಿದ್ದಿಸಿದಾಳೆ. ತಗೊಂಡ ಮೇಲೆ ನಮ್ಮ ಪ್ರತಿ ಮೇಲೆ ತಾರೀಖು ಬರೆದು ಸಿಕ್ಕಾ ಹೊಡೆದು ಅವಳ ಕೈಗೇ ಕೊಡಿ, ನಂಗೆ ಬೇಡ. ಗಂಡ ಸತ್ತು ಇಷ್ಟು ವರ್ಷ ಆಯ್ತು, ಈ ಕೇಸಿನ ಒಂದೇ ಒಂದು ಕಾಗದ ಅವಳ ಹತ್ರ ಇಲ್ಲ.

ಇಂತಿ,
ಪಾಲಿಕೆ ಕನ್ನಡ ಶಾಲೆಯ ನಿವೃತ್ತ ಗಣಿತ ಟೀಚರ್
ಮುಂಬೈ